ಬೀಜದ ಜಗಳದ ನಡುವೆ ಅಮ್ಮ ಕೇಳಿದ್ದು

ಮೊನ್ನೆ ಭಾನುವಾರ ಬೆಳಗ್ಗೆ 6:10ಕ್ಕೆ ಚಿಕ್ಕಮ್ಮ ನಮ್ಮ ಮನೆ ಗುಂಪಿಗೆ ಒಂದು ವಿಡಿಯೊ ಹಾಕಿದರು. ಮೇಲೆ ಎರಡು ಬಾಣದ ಗುರುತು. ಎಷ್ಟು ಕೈ ದಾಟಿ ಬಂದಿತ್ತೋ. ಒಳಗೆ ದಪ್ಪ ಅಕ್ಷರದಲ್ಲಿ, "ಅನ್ನ ಬಿಡಿ, ಹೆಂಪ್ ಬೀಜ ತಿನ್ನಿ. ಸಕ್ಕರೆ ಕಾಯಿಲೆ 30 ದಿನದಲ್ಲಿ ಮಾಯ." ಚಿಕ್ಕಮ್ಮ ಸೇರಿಸಿದ್ದು ಒಂದೇ ಸಾಲು: "ಅಕ್ಕ ನೋಡಿ, ನಿಮಗೋಸ್ಕರವೇ ಹಾಕಿದ್ದು."

ಅಕ್ಕ ಅಂದರೆ ನಮ್ಮಮ್ಮ. ಹನ್ನೊಂದು ವರ್ಷದಿಂದ ಶುಗರ್. ಬೆಳಗ್ಗೆ ಒಂದು, ರಾತ್ರಿ ಒಂದು ಮಾತ್ರೆ.

ಮೊದಲು ಬಂದವರು ದೊಡ್ಡಪ್ಪ.

"ಹೆಂಪ್ ಅಂದರೆ ಏನು ಅಂತ ಹುಡುಕಿ ನೋಡಿದೆ. ಭಂಗಿ ಗಿಡ! ನಮ್ಮ ಮನೆಯಲ್ಲಿ ಬೀಡಿ ಮುಟ್ಟಿದವರಿಲ್ಲ. ಅಡುಗೆಮನೆಗೆ ಇದನ್ನು ತರೋದಾ?"

ತಮ್ಮ ಎಂದಿನಂತೆ ಪುರಾವೆ ಕೇಳಿದ. "ಚಿಕ್ಕಮ್ಮ, ಯಾವ ಡಾಕ್ಟರ್ ಹೇಳಿದ್ದು? ಯಾರ ಮೇಲೆ ಪ್ರಯೋಗ ಮಾಡಿದ್ದಾರೆ?"

"ವಿಡಿಯೊದಲ್ಲೇ ಇದೆ ನೋಡಪ್ಪ."

"ನೀವು ಪೂರ್ತಿ ನೋಡಿದಿರಾ?"

"ಹಾಲು ಇಟ್ಟಿದ್ದೆ. ಅರ್ಧ ನೋಡಿದೆ."

"ಹೋದ ವರ್ಷ ಬೆಂಡೆಕಾಯಿ ನೀರು ಹಾಕಿದ್ದಿರಿ. ಅದನ್ನೂ ಅರ್ಧ ನೋಡಿದ್ದಾ?"

ಚಿಕ್ಕಮ್ಮನಿಗೆ ಬೇಜಾರಾಯಿತು. "ಒಳ್ಳೆಯದಾಗಲಿ ಅಂತ ಹಾಕಿದರೆ ಇಷ್ಟು ಮಾತಾ?" ಅಂತ ಬರೆದು ಸುಮ್ಮನಾದರು.

ಆಗ ಉತ್ತರಾಖಂಡದ ಹಲ್ದ್ವಾನಿಯಿಂದ ಅತ್ತಿಗೆ ಬಂದರು. ಅತ್ತೆಯ ಮಗಳು. ಕುಮಾವೂಂ ಕಡೆಯವರನ್ನು ಮದುವೆಯಾಗಿ ಹದಿನಾಲ್ಕು ವರ್ಷವಾಯಿತು. ಅವರ ಮಾತು ಇದ್ದ ಹಾಗೇ ಹಾಕುತ್ತೇನೆ, ಯಾಕೆಂದರೆ ಆ ದಿನ ಗುಂಪಿನಲ್ಲಿ ಈ ಬೀಜವನ್ನು ಕೈಯಲ್ಲಿ ಹಿಡಿದು ನೋಡಿದವರು ಅವರೊಬ್ಬರೇ.

"ದೊಡ್ಡ ಮಾವ, ಇಲ್ಲಿ ಇದು ದಿನಸಿ ಅಂಗಡಿಯಲ್ಲೇ ಸಿಗುತ್ತದೆ. ನಾವು ಎಳ್ಳು ಡಬ್ಬಿಯಲ್ಲಿ ಇಟ್ಟ ಹಾಗೆ ನಮ್ಮತ್ತೆ ಇಟ್ಟಿರುತ್ತಾರೆ. ಬೂದು ಬಣ್ಣ, ಕೊತ್ತಂಬರಿ ಬೀಜಕ್ಕಿಂತ ಸಣ್ಣದು. ಕಬ್ಬಿಣದ ಬಾಣಲೆಯಲ್ಲಿ ಎಣ್ಣೆ ಹಾಕದೆ ಸಣ್ಣ ಉರಿಯಲ್ಲಿ ಹುರಿಯಬೇಕು. ಚಟಪಟ ಅಂದಾಗ ಇಳಿಸಬೇಕು. ಸ್ವಲ್ಪ ತಡವಾದರೆ ಕಹಿ. ಹುರಿದ ಜೀರಿಗೆ, ಹಸಿಮೆಣಸು, ಪುದೀನ, ಉಪ್ಪು ಸೇರಿಸಿ ಕಲ್ಲಿನ ಮೇಲೆ ಅರೆದು ನಿಂಬೆಹಣ್ಣು ಹಿಂಡಿದರೆ ಚಟ್ನಿ. ಮಂಡುವಾ ರೊಟ್ಟಿಗೆ ನೆಂಚಿಕೊಳ್ಳುತ್ತೇವೆ. ಮಂಡುವಾ ಅಂದರೆ ನಮ್ಮ ರಾಗಿನೇ ಮಾವ. ಚಳಿಗಾಲದಲ್ಲಿ ಇದೇ ಬೀಜವನ್ನು ನೀರು ಹಾಕಿ ರುಬ್ಬಿ, ಸೋಸಿ, ಆ ಹಾಲನ್ನು ಕೆಸುವಿನ ಗೆಡ್ಡೆ ಪಲ್ಯಕ್ಕೆ ಹಾಕುತ್ತಾರೆ. ನನ್ನ ಮಕ್ಕಳು ತಿಂದು ಶಾಲೆಗೆ ಹೋಗುತ್ತಾರೆ. ಯಾರಿಗೂ ನಶೆ ಏರಿಲ್ಲ."

ಎಷ್ಟು ಚೆನ್ನಾಗಿ ಬರೆದಿದ್ದರು ಅಲ್ವಾ. ರಾಗಿ ರೊಟ್ಟಿಯ ಮಾತು ಹಿಡಿದು ಯಾರಾದರೂ ಮುಂದೆ ಮಾತಾಡಬಹುದಿತ್ತು. ದೊಡ್ಡಪ್ಪ ಬರೆದದ್ದು ಇಷ್ಟು:

"ಆ ಕಡೆ ಹೋದ ಮೇಲೆ ಅಲ್ಲಿಯದೇ ಸರಿ ಅನ್ನಿಸುತ್ತದೆ ಬಿಡು."

ಎಂಟು ನಿಮಿಷ ಯಾರೂ ಏನೂ ಬರೆಯಲಿಲ್ಲ. ಆಮೇಲೆ ಅತ್ತಿಗೆ, "ಬೀಜದ ಮಾತು ಆಡೋಣ ಮಾವ. ನನ್ನನ್ನು ಮಂಟಪಕ್ಕೆ ಕರೆದುಕೊಂಡು ಬರಬೇಕಾದ ಸೋದರಮಾವ ಅವತ್ತು ಬರಲಿಲ್ಲ. ಅದನ್ನು ನಾನು ಇಲ್ಲಿ ಎತ್ತಿದ್ದೇನಾ?"

ಎತ್ತಿದ ಹಾಗೇ ಆಯಿತು. ಆವತ್ತು ದೊಡ್ಡಪ್ಪನಿಗೆ ಜ್ವರ ಇತ್ತು ಅಂತ ಒಬ್ಬರು, ಜ್ವರ ಇದ್ದರೆ ಮಾರನೇ ದಿನ ತಿಪಟೂರಿನ ಸಂತೆಗೆ ಹೋಗಿದ್ದು ಹೇಗೆ ಅಂತ ಇನ್ನೊಬ್ಬರು.

ಜಗಳ ಬಿಡಿಸಲು ಹಾಸನದ ಭಾವ ನಡುವೆ ಬಂದರು. ಅತ್ತಿಗೆಯ ಅಣ್ಣ. ತಂಗಿಯ ಪರ ಒಂದು ಮಾತು ಆಡುತ್ತಾರೆ ಅಂದುಕೊಂಡೆ. ಅವರು ಅಜ್ಜಿಯ ಹುಚ್ಚೆಳ್ಳು ಚಟ್ನಿ ನೆನೆದರು.

"ರಾಗಿ ಹೊಲದಲ್ಲಿ ಅಕ್ಕಡಿ ಸಾಲು ನೆನಪಿದೆಯಾ? ಅವರೆ, ಜೋಳ, ಹುಚ್ಚೆಳ್ಳು. ಹೂ ಬಿಟ್ಟರೆ ಹೊಲದ ಸುತ್ತ ಹಳದಿ ಅಂಚು. ಅಜ್ಜಿ ಒರಳಿನಲ್ಲಿ ಕುಟ್ಟುವಾಗ ಬೀದಿವರೆಗೂ ಘಮ. ಆ ಒರಳುಕಲ್ಲು ಈಗ ಎಲ್ಲಿದೆ?"

ಒರಳುಕಲ್ಲು ದೊಡ್ಡಪ್ಪನ ಮನೆಯ ಹಿತ್ತಲಲ್ಲಿದೆ. ಎಲ್ಲರಿಗೂ ಗೊತ್ತು. ಮನೆ ಮಾರಿದಾಗ ಅದನ್ನು ಯಾರು ಕೇಳಿದ್ದರು, ಯಾರು ಹೇಳದೆ ಸಾಗಿಸಿದರು ಅಂತ ಇನ್ನೂ ನಲವತ್ತು ಮೆಸೇಜು.

ನಾನೂ ಸುಮ್ಮನಿರಲಿಲ್ಲ. ದೊಡ್ಡಪ್ಪ "ಪೊಲೀಸರು ಹಿಡಿಯುತ್ತಾರೆ" ಅಂದಿದ್ದಕ್ಕೆ ಕಾನೂನು ಬರೆದೆ. 1985ರ ಮಾದಕ ವಸ್ತು ಕಾಯ್ದೆಯಲ್ಲಿ ಗಾಂಜಾ ಅಂದರೆ ಗಿಡದ ಹೂ, ಕಾಯಿ ಬಿಟ್ಟ ತುದಿ. ತುದಿಯ ಜೊತೆ ಸೇರಿರದ ಬೀಜ, ಎಲೆ ಅದರಲ್ಲಿ ಬರುವುದಿಲ್ಲ. 2021ರ ನವೆಂಬರ್‌ನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ಹೆಂಪ್ ಬೀಜ, ಅದರ ಎಣ್ಣೆ, ಹಿಟ್ಟು ಮೂರನ್ನೂ ಆಹಾರ ಅಂತ ಒಪ್ಪಿದೆ. ಮತ್ತೇರಿಸುವ ಅಂಶ ಒಂದು ಕಿಲೋ ಬೀಜದಲ್ಲಿ 5 ಮಿಲಿಗ್ರಾಂ ದಾಟಬಾರದು ಅಂತ ಮಿತಿ ಹಾಕಿದೆ. ಆದರೆ ಗಿಡ ಬೆಳೆಯಲು ಲೈಸೆನ್ಸ್ ಬೇಕೇ ಬೇಕು. ಹಿತ್ತಲಲ್ಲಿ ಬಿತ್ತುವ ಹಾಗಿಲ್ಲ. ಇಷ್ಟು ಬರೆದು, ಯಾರು ಏನು ಉತ್ತರ ಕೊಡುತ್ತಾರೆ ಅಂತ ಕಾಯುತ್ತಾ ಕೂತೆ.

12:50ಕ್ಕೆ ಏನೋ ಹುಡುಕಲು ಮೇಲೆ ಹೋದೆ. ಜ್ವರದ ಮಾತಿಗೂ ಸಂತೆಯ ಮಾತಿಗೂ ನಡುವೆ, 9:42ಕ್ಕೆ, ಅಮ್ಮನ ಒಂದು ಸಾಲು.

"ಹಾಗಾದರೆ ನಾನು ಮಾತ್ರೆ ನಿಲ್ಲಿಸಬಹುದಾ?"

ಮೂರು ಗಂಟೆ. ಹತ್ತೊಂಬತ್ತು ಜನರ ಗುಂಪು. ಒಬ್ಬರೂ ಉತ್ತರ ಕೊಟ್ಟಿರಲಿಲ್ಲ. ಆ ಸಾಲಿನ ಕೆಳಗೇ ನಾನು ಕಾನೂನು ಬರೆದಿದ್ದೆ.

ಫೋನ್ ಮಾಡಿದೆ. ಅಮ್ಮ ಬೆಳಗಿನ ಮಾತ್ರೆ ತಗೊಂಡಿರಲಿಲ್ಲ. "ಯಾರೂ ಬೇಡ ಅನ್ನಲಿಲ್ಲವಲ್ಲ" ಅಂದರು. ಕೈ ನಡುಗುತ್ತಿತ್ತು ನನಗೆ. ಅವರ ಡಾಕ್ಟರಿಗೆ ಫೋನ್ ಮಾಡಿ ಕೇಳಿದೆ. ಬಿಟ್ಟಿದ್ದು ಬಿಡಲಿ, ಎರಡು ಒಟ್ಟಿಗೆ ಬೇಡ, ರಾತ್ರಿಯದು ಸಮಯಕ್ಕೆ ತಗೊಳ್ಳಲಿ ಅಂದರು.

ಆಮೇಲೆ ಗುಂಪಿಗೆ ಇದನ್ನು ಹಾಕಿದೆ.

"ಅಮ್ಮನ 9:42ರ ಮೆಸೇಜ್ ಎಲ್ಲರೂ ಒಮ್ಮೆ ಓದಿ. ಓದಿದ ಮೇಲೆ ಇದನ್ನೂ ಓದಿ.

ಬೀಜ ಒಳ್ಳೆಯದೇ. ಸಿಪ್ಪೆ ತೆಗೆದ ಹೆಂಪ್ ಬೀಜ 100 ಗ್ರಾಂನಲ್ಲಿ ಪ್ರೋಟೀನ್ ಸುಮಾರು 31 ಗ್ರಾಂ. ಕಡಲೆಕಾಯಿ ಬೀಜದಲ್ಲಿ 25. ಹೆಂಪ್ ಬೀಜದಲ್ಲಿ ಪಿಷ್ಟ ತೀರಾ ಕಮ್ಮಿ. ಅದರ ಒಟ್ಟು ಕಾರ್ಬ್ (ಕಾರ್ಬೊಹೈಡ್ರೇಟ್) 9 ಗ್ರಾಂನ ಹತ್ತಿರ, ಅದರಲ್ಲೂ ಅರ್ಧ ನಾರು. 100 ಗ್ರಾಂ ಅಕ್ಕಿಯಲ್ಲಿ ಕಾರ್ಬ್ 78 ಗ್ರಾಂ ದಾಟುತ್ತದೆ. ವಿಡಿಯೊ ಇಷ್ಟರವರೆಗೆ ಸುಳ್ಳಲ್ಲ. ಆದರೆ ಅತ್ತಿಗೆ ಹೇಳುವ ಬೀಜಕ್ಕೆ ಸಿಪ್ಪೆ ಇರುತ್ತದೆ, ಅದರ ಲೆಕ್ಕ ಬೇರೆ, ನಾರು ಜಾಸ್ತಿ. ಚಟ್ನಿಗೆ ಬೀಳುವುದೂ ಒಂದೆರಡು ಚಮಚ. ಸಿಪ್ಪೆ ತೆಗೆದದ್ದೇ ಆದರೂ ಒಂದು ದೊಡ್ಡ ಚಮಚಕ್ಕೆ 3 ಗ್ರಾಂ ಪ್ರೋಟೀನ್, 5 ಗ್ರಾಂ ಕೊಬ್ಬು. ಅದು ಊಟಕ್ಕೆ ಸೇರುತ್ತದೆ, ಮಾತ್ರೆಯ ಜಾಗಕ್ಕೆ ಬರುವುದಿಲ್ಲ. ಶುಗರ್ ಮಾತ್ರೆಯಲ್ಲಿ ಕೆಲವು ಹೇಗೆ ಅಂದರೆ, ಅದನ್ನು ತಗೊಂಡು ಅನ್ನ ಪೂರ್ತಿ ಬಿಟ್ಟರೆ ಶುಗರ್ ತಟ್ಟನೆ ಇಳಿದು ತಲೆ ಸುತ್ತಿ ಬೀಳಬಹುದು. ಅನ್ನ ಕಮ್ಮಿ ಮಾಡುವುದಿದ್ದರೂ ಡಾಕ್ಟರನ್ನು ಕೇಳಿಯೇ.

ದೊಡ್ಡಪ್ಪ, ಒಂದು ಮಾತು. ನಮ್ಮ ಎಳ್ಳಿನ ಹೆಸರಲ್ಲೇ ಹುಚ್ಚಿದೆ. ಹುಚ್ಚು ಹಿಡಿಯುತ್ತದೆ ಅಂತ ಅಜ್ಜಿ ಅದನ್ನು ಬಿಟ್ಟರಾ? ಅತ್ತಿಗೆಯ ಅತ್ತೆ ಮಾಡುವುದೂ ಅದೇ ಕೆಲಸ, ಅದೇ ಬಾಣಲೆ, ಅದೇ ರಾಗಿ. ಅವರಿಗೆ ಆಡಿದ ಮಾತು ನನಗೆ ನೋವು ತಂದಿತು."

ಚಿಕ್ಕಮ್ಮ ವಿಡಿಯೊ ಅಳಿಸಿದರು. ಅಳಿಸಿ, ಅಮ್ಮನಿಗೆ ಫೋನ್ ಮಾಡಿ ಅತ್ತರಂತೆ. ತಮ್ಮ, "ನಾನೂ ಓದಲಿಲ್ಲ ಅಮ್ಮ" ಅಂತ ಬರೆದ. ದೊಡ್ಡಪ್ಪ ಓದಿದರು, ನೀಲಿ ಗುರುತು ಬಂತು. ಏನೂ ಬರೆಯಲಿಲ್ಲ. ಇವತ್ತಿನವರೆಗೂ ಬರೆದಿಲ್ಲ.

ರಾತ್ರಿ ಎಂಟೂವರೆಗೆ ಅಮ್ಮ ಗುಂಪಿಗೆ ಒಂದು ಫೋಟೊ ಹಾಕಿದರು. ಕಬ್ಬಿಣದ ಬಾಣಲೆಯಲ್ಲಿ ಹುಚ್ಚೆಳ್ಳು, ಕಪ್ಪಗೆ ಮಿಂಚುತ್ತಿತ್ತು. ಪಕ್ಕದಲ್ಲಿ ಬೆಳ್ಳುಳ್ಳಿ, ಒಣಮೆಣಸು, ಒಂದು ಲೋಟ ನೀರು, ಮಾತ್ರೆಯ ಹಾಳೆ.

"ಮಾತ್ರೆ ತಗೊಂಡೆ" ಅಂತ ಬರೆದಿದ್ದರು. ಅದರ ಕೆಳಗೆ ಅತ್ತಿಗೆಗೆ, "ನಿನ್ನ ಬೀಜ ಒಂದು ಕಾಲು ಕಿಲೋ ಕಳಿಸು ಮಗಳೇ. ಎಷ್ಟು ಹೊತ್ತು ಹುರಿಯಬೇಕು ಅಂತ ಫೋನ್ ಮಾಡಿ ಹೇಳು. ಇಲ್ಲಿ ಬರೆಯಬೇಡ, ಕೆಳಗೆ ಹೋಗಿಬಿಡುತ್ತದೆ."