ಮಾಲೆ ಹಾಕುವ ಗಳಿಗೆಗೆ ಯಾವ ಹಾಡು: ಮನೆಯ ಗುಂಪಿನಲ್ಲಿ ನಡೆದ ಚರ್ಚೆ

ನಾನು: ಅಪ್ಪ ಅವ್ವನ ಮದುವೆಯ ವಾರ್ಷಿಕೋತ್ಸವದಲ್ಲಿ ಇಬ್ಬರೂ ಮಾಲೆ ಬದಲಾಯಿಸುವಾಗ ಈ ಹಾಡು ಹಾಕಬೇಕೆಂಬುದು ನನ್ನ ಆಸೆ. ಅಮೆರಿಕದ ಜಾಝ್ ವಾದಕ ಜಾನ್ ಕೋಲ್ಟ್ರೇನ್ ಸ್ಯಾಕ್ಸೊಫೋನ್ ನುಡಿಸಿ ಜಾನಿ ಹಾರ್ಟ್‌ಮನ್ ಹಾಡಿರುವ ಇಂಗ್ಲಿಷ್ ಪ್ರೇಮಗೀತೆ ‘ಮೈ ಒನ್ ಅಂಡ್ ಓನ್ಲಿ ಲವ್’, 1963ರ ಧ್ವನಿಮುದ್ರಣ. ದಯವಿಟ್ಟು ಪೂರ್ತಿ ಕೇಳಿರಿ.

ಕಾಕಾ: ಪೂರ್ತಿ ಕೇಳಿದೆನವ್ವ. ಹಾಡುಗಾರ ಬಾಯಿ ತೆರೆಯಲಿಕ್ಕೇ ಎರಡು ನಿಮಿಷ ಹಿಡಿಯುತ್ತದೆ. ತೆರೆದ ಮೇಲೂ ದನಿ ಏರಿಸುವುದಿಲ್ಲ. ಬಂದೇ ನವಾಜರ ಉರುಸಿನಲ್ಲಿ ಕವ್ವಾಲಿ ಕೇಳುತ್ತ ಬೆಳೆದ ಕಲಬುರಗಿಯ ಮಂದಿ ನಾವು. ಒಂದೇ ಸಾಲನ್ನು ಮತ್ತೆ ಮತ್ತೆ ಎತ್ತಿಕೊಂಡು ಕೇಳುವವರ ಎದೆ ಕರಗಿಸಿದರೆ ಅದು ಪ್ರೇಮ. ಇದರಲ್ಲಿ ಆ ಬೇಗೆ ಎಲ್ಲಿದೆ? ಮೇಲಾಗಿ ನಿಮ್ಮವ್ವನಿಗೆ ಇಂಗ್ಲಿಷ್ ಬಾರದು.

ನಾನು: ಕಾಕಾ, ಕವ್ವಾಲಿಯ ಬೇಗೆ ದೊಡ್ಡದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದು ಕೈಗೆ ಸಿಗದವನಿಗಾಗಿ ಹಂಬಲಿಸುವ ಪ್ರೇಮ. ಈ ಹಾಡಿನದು ಪಕ್ಕದಲ್ಲೇ ಕುಳಿತವಳ ಮೇಲಿನ ಪ್ರೇಮವಾದ್ದರಿಂದ ಕೂಗಿ ಕರೆಯುವ ಅಗತ್ಯವೇ ಅದಕ್ಕಿಲ್ಲ. ಕೋಲ್ಟ್ರೇನ್ ಸ್ವರಗಳ ಮಳೆ ಸುರಿಸಬಲ್ಲವರು. 1961ರಲ್ಲಿ ಡೌನ್‌ಬೀಟ್ ಎಂಬ ಜಾಝ್ ಪತ್ರಿಕೆಯ ವಿಮರ್ಶಕರೊಬ್ಬರು ಅವರ ವಾದನವನ್ನು ಜಾಝ್‌ಗೇ ವಿರೋಧಿಯೆಂದು ಜರೆದಿದ್ದರು. ಅಂಥವರು ಇಲ್ಲಿ ಗೈ ವುಡ್ ಕಟ್ಟಿದ ಧಾಟಿಯನ್ನು ಹೆಚ್ಚುಕಡಿಮೆ ಇದ್ದಂತೆಯೇ ಒಮ್ಮೆ ನುಡಿಸಿ, ಹಾರ್ಟ್‌ಮನ್ ಅವರ ದನಿಗೆ ಜಾಗ ಬಿಟ್ಟುಕೊಡುತ್ತಾರೆ. ಎಲ್ವಿನ್ ಜೋನ್ಸ್ ಡ್ರಮ್ಮಿಗೆ ಕೋಲು ಬಡಿಯದೆ ಬ್ರಷ್ ಸವರುವುದನ್ನು ಹೆಡ್‌ಫೋನ್ ಹಾಕಿಕೊಂಡು ಕೇಳಿರಿ. ಅವ್ವನಿಗೆ ಇಂಗ್ಲಿಷ್ ಬಾರದಿದ್ದರೇನು, ಸುಮಾರು ಅರ್ಧ ಹಾಡಿಗೆ ಯಾವ ಭಾಷೆಯೂ ಬೇಕಿಲ್ಲವಲ್ಲ.

ಅತ್ತಿ: ನನ್ನ ತಕರಾರು ಬೇರೆ. ಹಾಡಿನ ತುಂಬ ಸ್ಪರ್ಶ, ಮುತ್ತು, ಚೆಲುವಿನ ವರ್ಣನೆ. ಇಷ್ಟು ಕಾಲ ಕೂಡಿ ಬಾಳಿದವರ ಪ್ರೇಮ ಅಷ್ಟೇ ಏನು?

ನಾನು: ಅತ್ತಿ, ಸಾಹಿತ್ಯವನ್ನಷ್ಟೇ ಓದಿದರೆ ನಿಮ್ಮ ಮಾತು ಒಪ್ಪತಕ್ಕದ್ದೇ. ಆದರೆ ಕೊನೆಗೆ ಪ್ರೇಮಿ ತನ್ನನ್ನೇ ಒಪ್ಪಿಸಿಕೊಳ್ಳುತ್ತಾನೆ, ಮತ್ತು ಅದನ್ನು ಹಾರ್ಟ್‌ಮನ್ ಕಿಂಚಿತ್ತೂ ಆಡಂಬರವಿಲ್ಲದೆ, ಮನೆಯ ಮಾತು ಆಡಿದಂತೆ ಹಾಡುತ್ತಾರೆ. ಅವ್ವನ ಕಣ್ಣಿನ ಆಪರೇಷನ್ ಆದಾಗ ಅಪ್ಪ ರೊಟ್ಟಿ ಮುರಿದಿಟ್ಟು, ಪುಂಡಿಪಲ್ಯ ಒಂದು ಮಗ್ಗುಲಿಗೆ, ಶೇಂಗಾ ಹಿಂಡಿ ಇನ್ನೊಂದು ಮಗ್ಗುಲಿಗೆ ಬಡಿಸಿ, ಯಾವುದು ಎಲ್ಲಿದೆಯೆಂದು ಅವಳ ಬೆರಳು ಹಿಡಿದು ತೋರಿಸುತ್ತಿದ್ದುದನ್ನು ನೀವೇ ನೋಡಿದ್ದೀರಿ. ನನಗೆ ಈ ದನಿಯಲ್ಲಿ ಕೇಳಿಸುವುದು ಅದೇ.

ಕಾಕಾ: ರೊಟ್ಟಿಯ ಮಾತಿಗೆ ನನ್ನಲ್ಲಿ ಉತ್ತರವಿಲ್ಲ. ಆದರೂ ಮಾಲೆ ಹಾಕುವಾಗ ಮಂದಿಯ ಗದ್ದಲವಿರುತ್ತದೆ, ಇಷ್ಟು ಮೆಲ್ಲನೆಯ ಹಾಡು ಯಾರ ಕಿವಿಗೂ ಬೀಳದು. ಊಟ ಮುಗಿದು ಮನೆಯವರಷ್ಟೇ ಉಳಿದಾಗ ಹಾಕು, ನಾನೂ ಕುಳಿತು ಕೇಳುತ್ತೇನೆ. ಮಾಲೆಯ ಹೊತ್ತಿಗೆ ಕವ್ವಾಲಿಯೇ ಆಗಬೇಕು, ಅದನ್ನು ನಾನು ಬಿಟ್ಟುಕೊಡಲಾರೆ.