ರಾಜ್ಯೋತ್ಸವಕ್ಕೆ ಆರ್ಕೆಸ್ಟ್ರಾ ಬಿಟ್ಟು ಬೇರೇನು ಮಾಡಬಹುದು? ಮಾಡಿ ನೋಡಿದವರು ಹೇಳಿ

ಕೇಳಿದವರು: ನಮಸ್ಕಾರ. ನಾವಿರುವುದು ಬೆಂಗಳೂರಿನ ಬೇಗೂರು ಕಡೆಯ ಒಂದು ಬಡಾವಣೆಯಲ್ಲಿ. ಪ್ರತಿ ನವೆಂಬರ್‌ನಲ್ಲಿ ಬಾವುಟ ಹಾರಿಸುತ್ತೇವೆ, ಸಂಜೆ ಆರ್ಕೆಸ್ಟ್ರಾ, ಆಮೇಲೆ ಊಟ, ಅಲ್ಲಿಗೆ ಮುಗಿಯಿತು. ಈ ಸಲ ಸಂಘದವರು ಹೊಣೆ ನನಗೆ ಕೊಟ್ಟಿದ್ದಾರೆ. ನಾಡಿನ ಇತಿಹಾಸ, ಸಂಸ್ಕೃತಿ ಮಕ್ಕಳ ಮನಸ್ಸಿಗೆ ಮುಟ್ಟುವಂಥದ್ದು ಏನಾದರೂ ಮಾಡಬೇಕು ಅಂತ ಆಸೆ. ಭಾಷಣ ಬೇಡ. ದುಡ್ಡೂ ಜಾಸ್ತಿ ಇಲ್ಲ. ನಿಮ್ಮ ಕಡೆ ಏನು ಮಾಡಿದಿರಿ, ಏನು ಫಲ ಕೊಟ್ಟಿತು, ತಿಳಿಸುತ್ತೀರಾ?

ಮಂಡ್ಯ ಕಡೆಯ ನಿವೃತ್ತ ಮೇಷ್ಟ್ರು: ಬೇಗೂರಿನಲ್ಲೇ ಇದ್ದುಕೊಂಡು ಬೇರೆಲ್ಲೂ ಹುಡುಕಬೇಡಿ ಸರ್. ನಿಮ್ಮೂರಿನ ನಾಗೇಶ್ವರ ದೇವಸ್ಥಾನದಲ್ಲಿ ಸುಮಾರು ಕ್ರಿ.ಶ. 890ರ ವೀರಗಲ್ಲು, ಅಂದರೆ ಕಾಳಗದಲ್ಲಿ ಸತ್ತವರ ನೆನಪಿನ ಕಲ್ಲು, ಶಾಸನದ ಸಮೇತ ಇದೆ. ಅದರಲ್ಲಿ 'ಬೆಂಗಳೂರು ಕಾಳಗ'ದ ಮಾತು ಬರುತ್ತದೆ. ಇಡೀ ನಗರದ ಹೆಸರು ಅಷ್ಟು ಹಿಂದೆಯೇ ನಿಮ್ಮ ಓಣಿಯ ಕಲ್ಲಿನ ಮೇಲೆ ಕೆತ್ತಿದ್ದಾರೆ! ಹೊಯ್ಸಳ ದೊರೆ ವೀರಬಲ್ಲಾಳನಿಗೆ ಅಜ್ಜಿಯೊಬ್ಬಳು ಬೆಂದ ಕಾಳು ಕೊಟ್ಟಳು, ಅದರಿಂದಲೇ ಊರಿಗೆ ಬೆಂಗಳೂರು ಅಂತ ಹೆಸರು ಬಂತು ಅನ್ನುವ ಕಥೆ ಮಕ್ಕಳಿಗೆಲ್ಲ ಗೊತ್ತಿರುತ್ತದೆ. ಬಲ್ಲಾಳ ಹುಟ್ಟುವುದಕ್ಕೂ ಸುಮಾರು 250 ವರ್ಷ ಮೊದಲೇ ಈ ಹೆಸರು ಇತ್ತು ಅಂತ ಆ ಕಲ್ಲಿನ ಮುಂದೆ ನಿಲ್ಲಿಸಿ ಹೇಳಿ. ಮಕ್ಕಳು ಕಣ್ಣರಳಿಸಿ ಕೇಳುತ್ತವೆ.

ನಮ್ಮ ಕಡೆ ನಾವು ಮಾಡುವುದು ಹೀಗೆ. ಮೊದಲು ಶಾಸನದ ಪಾಠ, ಅಂದರೆ ಕಲ್ಲಿನ ಮೇಲಿನ ಬರಹದ ಅಚ್ಚಾದ ರೂಪ, ಹುಡುಕಿಕೊಳ್ಳುತ್ತೇವೆ. ಬಿ.ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕ ಸಂಪುಟಗಳಲ್ಲಿ ತಾಲ್ಲೂಕು, ಊರು ಅಂತ ವಿಂಗಡಿಸಿ ಶಾಸನಗಳನ್ನು ಕೊಟ್ಟಿದ್ದಾರೆ. ಬೆಂಗಳೂರು ಜಿಲ್ಲೆಯದು 1905ರಲ್ಲಿ ಬಂದ ಒಂಬತ್ತನೇ ಸಂಪುಟ. ಇಂಟರ್‌ನೆಟ್‌ನಲ್ಲಿ ಪುಕ್ಕಟೆ ಸಿಗುತ್ತದೆ. ಇತಿಹಾಸದ ಕೆಲಸ ಮಾಡುವ ಮಿಥಿಕ್ ಸೊಸೈಟಿ ಅನ್ನುವ ಸಂಸ್ಥೆಯವರು ಬೆಂಗಳೂರಿನ ಶಾಸನಗಳನ್ನು ತ್ರೀಡಿ ಸ್ಕ್ಯಾನ್ ಮಾಡುತ್ತಾ ಬಂದಿದ್ದಾರೆ. ಸವೆದ ಅಕ್ಷರಗಳೂ ಅದರಲ್ಲಿ ಚೆನ್ನಾಗಿ ಕಾಣುತ್ತವೆ.

ಆಮೇಲೆ ಹಳೆಯ ಅಕ್ಷರ ಮತ್ತು ಈಗಿನ ಅಕ್ಷರ ಅಕ್ಕಪಕ್ಕ ಇರುವ ಒಂದು ಹಾಳೆ ತಯಾರಿಸಿ, ಜೆರಾಕ್ಸ್ ಮಾಡಿಸಿ ಹಂಚಿ. ಹೊತ್ತು ಮುಳುಗಿದ ಮೇಲೆ ಕಲ್ಲಿನ ಹತ್ತಿರ ಕರೆದುಕೊಂಡು ಹೋಗಿ. ಟಾರ್ಚನ್ನು ಎದುರಿನಿಂದ ಬಿಡಬೇಡಿ, ಪಕ್ಕದಿಂದ ಓರೆಯಾಗಿ ಹಿಡಿಯಿರಿ. ಹಗಲಲ್ಲಿ ಕಾಣದ ಅಕ್ಷರ ನೆರಳು ಬಿದ್ದು ಎದ್ದು ನಿಲ್ಲುತ್ತದೆ. ಒಂದು ಮಗು ಒಂದೇ ಒಂದು ಅಕ್ಷರ ಗುರುತಿಸಿದರೂ ಸಾಕು, ಆ ಕಲ್ಲು ಅದಕ್ಕೆ ತನ್ನದಾಗಿಬಿಡುತ್ತದೆ. ಅಕ್ಷರ ಕಾಣಲಿ ಅಂತ ಸೀಮೆಸುಣ್ಣ ತಿಕ್ಕುವುದು, ಹಿಟ್ಟು ಬಳಿಯುವುದು, ಎಣ್ಣೆ ಸವರುವುದು ಮಾತ್ರ ಬೇಡವೇ ಬೇಡ. ಬಣ್ಣವಂತೂ ಮುಟ್ಟಿಸಲೇಬಾರದು. ಧೂಳು ತೆಗೆಯಬೇಕಾದರೆ ಬರೀ ನೀರು, ಮೆತ್ತನೆ ಬ್ರಷ್. ಅದಕ್ಕೂ ಮೊದಲು ದೇವಸ್ಥಾನದವರನ್ನೋ ಪುರಾತತ್ವ ಇಲಾಖೆಯವರನ್ನೋ ಒಂದು ಮಾತು ಕೇಳಿ.

ವೀರಗಲ್ಲಿನ ಚಿತ್ರ ಓದುವುದು ಇನ್ನೂ ಸುಲಭ. ಸಾಮಾನ್ಯವಾಗಿ ಮೂರು ಅಂತಸ್ತು ಇರುತ್ತದೆ. ಕೆಳಗೆ ಕಾಳಗ, ನಡುವೆ ಅಪ್ಸರೆಯರು ವೀರನನ್ನು ಕರೆದೊಯ್ಯುವುದು, ಮೇಲೆ ಶಿವಲಿಂಗದ ಮುಂದೆ ಅವನು ಕುಳಿತಿರುವುದು. ದೊಡ್ಡವರು ವಿವರಿಸದೆ ಸುಮ್ಮನಿದ್ದು, ಮಕ್ಕಳ ಬಾಯಲ್ಲೇ ಕಥೆ ಹೇಳಿಸಿ. ಕೆಳಗೆ ದನಗಳಿದ್ದರೆ ಅದು ತುರುಗೋಳ್, ಅಂದರೆ ದನ ಹೊಡೆದುಕೊಂಡು ಹೋಗಲು ಬಂದವರ ಜೊತೆಗಿನ ಜಗಳ. ಸತ್ತವನು ರಾಜನಲ್ಲ, ಊರಿನ ಒಬ್ಬ ಸಾಮಾನ್ಯ ಮನುಷ್ಯ. ನನಗೆ ವೀರಗಲ್ಲುಗಳ ಮೇಲೆ ಇಷ್ಟು ಪ್ರೀತಿ ಇರುವುದೇ ಅದಕ್ಕೆ.

ಚಿಕ್ಕ ಮಕ್ಕಳು ಜಾಸ್ತಿ ಇದ್ದರೆ ನಮ್ಮ ಮದ್ದೂರು ತಾಲ್ಲೂಕಿನ ಆತಕೂರು ಶಾಸನದ ಕಥೆ ಹೇಳಿ. ಕ್ರಿ.ಶ. 949-950ರದು. ರಾಷ್ಟ್ರಕೂಟರಿಗೂ ಚೋಳರಿಗೂ ನಡೆದ ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೇರ ಅನ್ನುವವನು ತನ್ನ ಒಡೆಯನಾದ ಗಂಗ ದೊರೆ ಬೂತುಗನ ಹತ್ತಿರ ಕಾಳಿ ಅನ್ನುವ ಬೇಟೆನಾಯಿಯನ್ನು ಕೇಳಿ ಪಡೆದ. ಆ ನಾಯಿ ದೊಡ್ಡ ಕಾಡುಹಂದಿಯ ಮೇಲೆ ಬಿದ್ದು ಕಾದಾಡಿತು. ಎರಡೂ ಸತ್ತವು. ನಾಯಿಯ ನೆನಪಿಗೆ ಕಲ್ಲು ನಿಲ್ಲಿಸಿ, ಅದರ ಪೂಜೆಗೆ ಅಂತ ಭೂಮಿ ಬಿಟ್ಟರು. ಆ ಕಲ್ಲು ಈಗ ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ನಾಯಿ ಹಂದಿ ಕಾದಾಡುವ ಕೆತ್ತನೆ ತೋರಿಸಿ. ತಕ್ಕೋಲ, ರಾಷ್ಟ್ರಕೂಟ, ಗಂಗ ಎಲ್ಲ ಆಮೇಲೆ ತಾನಾಗಿ ಬರುತ್ತದೆ.

ಹುಬ್ಬಳ್ಳಿಯಿಂದ ಬೆಂಗಳೂರಿಗೆ ಬಂದು ನೆಲೆಸಿದ ಗೃಹಿಣಿ: ಮೇಷ್ಟ್ರು ಹೇಳಿದ್ದು ಓದಿ ಖುಷಿ ಆಯ್ತು. ನಮ್ಮ ಅಪಾರ್ಟ್‌ಮೆಂಟಿನಲ್ಲಿ ಕಲ್ಲು ಇಲ್ಲ, ಆದರೆ ಮನುಷ್ಯರಿದ್ದಾರಲ್ಲ! ನಾವು ಪಾರ್ಕಿಂಗ್ ಜಾಗದ ನೆಲದ ಮೇಲೆ ರಂಗೋಲಿ ಪುಡಿಯಲ್ಲಿ ಕರ್ನಾಟಕದ ನಕ್ಷೆ ಬಿಡಿಸಿದೆವು. 1956ಕ್ಕೆ ಮೊದಲು ಯಾವ ಭಾಗ ಯಾರ ಕೈಯಲ್ಲಿತ್ತೋ ಅದಕ್ಕೆ ತಕ್ಕ ಹಾಗೆ ಬೇರೆ ಬೇರೆ ಬಣ್ಣ. ಧಾರವಾಡ, ಬೆಳಗಾವಿ, ವಿಜಯಪುರ, ಉತ್ತರ ಕನ್ನಡ ಮುಂಬೈ ಕಡೆ. ಕಲಬುರಗಿ, ರಾಯಚೂರು, ಬೀದರ್ ಹೈದರಾಬಾದ್ ಕಡೆ. ದಕ್ಷಿಣ ಕನ್ನಡ ಮದ್ರಾಸಿಗೆ ಸೇರಿತ್ತು. ಕೊಡಗು ತಾನೇ ಒಂದು ರಾಜ್ಯ. ಬಳ್ಳಾರಿ 1953ರಲ್ಲೇ ಮೈಸೂರಿಗೆ ಬಂದಿತ್ತು. ಕೊಳ್ಳೇಗಾಲ ಆಗ ಕೊಯಮತ್ತೂರು ಜಿಲ್ಲೆಯಲ್ಲಿತ್ತು ಅಂದರೆ ಅಲ್ಲಿಯವರ ಮೊಮ್ಮಕ್ಕಳೇ ನಂಬಲಿಲ್ಲ.

ಆಮೇಲೆ ಪ್ರತಿ ಮನೆಯವರೂ ತಮ್ಮ ಅಜ್ಜ ಅಜ್ಜಿಯ ಊರಿನ ಮೇಲೆ ನಿಲ್ಲಬೇಕು ಅಂದೆವು. ಎಲ್ಲರೂ ಚದುರಿ ಹೋದರು! ಹಿರಿಯರು ಅಲ್ಲೇ ಕುರ್ಚಿ ಹಾಕಿಸಿಕೊಂಡು ಮಾತಿಗೆ ಶುರು ಮಾಡಿದರು. ರಾಯಚೂರಿನ ಅಜ್ಜ ಒಬ್ಬರು ಶಾಲೆಯಲ್ಲಿ ಉರ್ದು ಕಲಿತದ್ದು, ಮನೆಯಲ್ಲಿ ಕನ್ನಡ ಓದಿದ್ದು ಹೇಳಿದರು. ರಾಜ್ಯ ಒಂದಾಯಿತು ಅನ್ನುವುದು ನಮಗೆ ಪಾಠದ ಒಂದು ಸಾಲು, ಅವರಿಗೆ ಅದು ಬದುಕು. ಹಿರಿಯರ ಮಾತನ್ನು ಅವರ ಒಪ್ಪಿಗೆ ಕೇಳಿ ಫೋನಿನಲ್ಲಿ ರೆಕಾರ್ಡ್ ಮಾಡಿಟ್ಟುಕೊಳ್ಳಿ. ಮುಂದಿನ ವರ್ಷಕ್ಕೆ ಅಂತ ಮುಂದಕ್ಕೆ ಹಾಕಬೇಡಿ, ದಯವಿಟ್ಟು.

ಶಿವಮೊಗ್ಗದವರು: ಭಾಷಣ ಬೇಡ ಅಂದಿರಲ್ಲ, ಗಮಕ ಇಡಿಸಿ. ಒಬ್ಬರು ಹಾಡುತ್ತಾರೆ, ಒಬ್ಬರು ಅರ್ಥ ಹೇಳುತ್ತಾರೆ. ಮೈಕ್ ಬಿಟ್ಟರೆ ಬೇರೆ ಖರ್ಚಿಲ್ಲ. ಕುಮಾರವ್ಯಾಸನ ವಿರಾಟಪರ್ವದಿಂದ ಉತ್ತರಕುಮಾರನ ಭಾಗ ಆರಿಸಿಕೊಳ್ಳಿ. ಜಂಬ ಕೊಚ್ಚಿಕೊಂಡು ಹೋದ ಹುಡುಗ ಸೈನ್ಯ ನೋಡಿ ರಥದಿಂದ ಇಳಿದು ಓಡುವುದನ್ನು ಕೇಳಿ ಮಕ್ಕಳು ಬಿದ್ದು ಬಿದ್ದು ನಗುತ್ತಾರೆ. ಅದೂ ಕೌರವರು ವಿರಾಟನ ದನ ಹಿಡಿದ ಕಥೆಯೇ ಅಲ್ವಾ? ಮೇಷ್ಟ್ರು ಹೇಳಿದ ತುರುಗೋಳ್ ಕಲ್ಲು ನೋಡಿಕೊಂಡು ಬಂದ ಸಂಜೆ ಇದನ್ನು ಕೇಳಿಸಿದರೆ ಎರಡೂ ಕೂಡಿಕೊಳ್ಳುತ್ತವೆ. ಒಂದು ಗಂಟೆ ಮೀರಿಸಬೇಡಿ.

ಡೊಳ್ಳಿನ ಮನೆಯವರು: ನಮ್ಮ ತಂದೆ ಡೊಳ್ಳು ಬಾರಿಸುವವರು. ಒಂದೇ ವಿನಂತಿ. ಕಲಾವಿದರನ್ನು ಕರೆಸಿದರೆ ಅತಿಥಿಗಳ ಕಾರಿನ ಮುಂದೆ ಬಾರಿಸಿಕೊಂಡು ಬರುವುದಕ್ಕೆ ಮಾತ್ರ ಕರೆಸಬೇಡಿ. ಅತಿಥಿ ವೇದಿಕೆ ಹತ್ತಿದ ಕೂಡಲೇ "ಸಾಕು ನಿಲ್ಸಿ" ಅಂತಾರೆ. ಅಷ್ಟು ದೂರದಿಂದ ಬಂದು ಹತ್ತು ನಿಮಿಷ ಬಾರಿಸಿ ಹೋಗುವವರ ಮನಸ್ಸು ಹೇಗಿರುತ್ತದೆ ಯೋಚಿಸಿ. ಡೊಳ್ಳು ನಮಗೆ ಬೀರೇಶ್ವರನ ಸೇವೆ. ಹಾಲುಮತದ ಕಥೆಗಳು, ಹಾಡುಗಳು ಅದರ ಜೊತೆ ಇವೆ. ಅರ್ಧ ಗಂಟೆ ಪೂರ್ತಿ ಕೊಡಿ, ಕುಣಿತ ಮುಗಿದ ಮೇಲೆ ಕೂರಿಸಿ ಮಾತಾಡಿಸಿ. ಡೊಳ್ಳಿಗೆ ಯಾವ ಚರ್ಮ, ಹೇಗೆ ಬಿಗಿಯುತ್ತಾರೆ, ಹೆಜ್ಜೆ ಹೇಗೆ ಕಲಿತರು, ಎಲ್ಲ ಹೇಳುತ್ತಾರೆ. ಮಕ್ಕಳಿಗೆ ಒಮ್ಮೆ ಹೆಗಲಿಗೆ ಹಾಕಿಕೊಳ್ಳಲು ಕೊಡಿ, ಆ ಭಾರ ಗೊತ್ತಾಗಲಿ. ಸಂಭಾವನೆ ಮೊದಲೇ ಮಾತಾಡಿ, ಅದೇ ದಿನ ಕೈಗೆ ಕೊಡಿ. ಊಟ ಎಲ್ಲರ ಜೊತೆ ಒಂದೇ ಪಂಕ್ತಿಯಲ್ಲಿ ಆಗಲಿ.

ಕೇಳಿದವರು: ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಡೊಳ್ಳಿನ ಮಾತು ನಿಜಕ್ಕೂ ಮನಸ್ಸಿಗೆ ತಟ್ಟಿತು. ಮೊದಲು ಕಲ್ಲು ನೋಡಲು ಹೋಗುವುದು ಅಂತ ತೀರ್ಮಾನ ಮಾಡಿದ್ದೇವೆ, ಸಂಜೆ ಗಮಕ. ಇನ್ನೊಂದು ಪ್ರಶ್ನೆ. ನಮ್ಮ ಬಡಾವಣೆಯಲ್ಲಿ ತಮಿಳು, ತೆಲುಗು ಮಾತಾಡುವ ಮನೆಗಳೂ ಸುಮಾರಿವೆ. ಅವರು ಇದು ನಮ್ಮದಲ್ಲ ಅಂತ ದೂರ ಉಳಿಯುತ್ತಾರೇನೋ?

ಮಂಡ್ಯ ಕಡೆಯ ನಿವೃತ್ತ ಮೇಷ್ಟ್ರು: ಉಳಿಯುವುದಿಲ್ಲ, ನೀವಾಗಿ ಕರೆದರೆ. ಬೆಂಗಳೂರಿನ ಸುತ್ತಮುತ್ತ ಚೋಳರ ಕಾಲದ, ಹೊಯ್ಸಳರ ಕಾಲದ ತಮಿಳು ಶಾಸನಗಳು ಬೇಕಾದಷ್ಟಿವೆ. ದೊಮ್ಮಲೂರಿನ ಚೊಕ್ಕನಾಥಸ್ವಾಮಿ ದೇವಸ್ಥಾನದಲ್ಲೇ ನೋಡಬಹುದು. ನಾನು ಹೇಳಿದ ಅದೇ ಒಂಬತ್ತನೇ ಸಂಪುಟದಲ್ಲಿ ಅವೂ ಅಚ್ಚಾಗಿವೆ. ಅದರಲ್ಲಿ ಒಂದನ್ನು ಆರಿಸಿ, ಪಾಠದ ಪ್ರತಿ ತೆಗೆಸಿ, ತಮಿಳು ಬಲ್ಲ ಹಿರಿಯರೊಬ್ಬರ ಮನೆಗೆ ವಾರ ಮೊದಲೇ ಕೊಟ್ಟು ಬನ್ನಿ. "ಇದನ್ನು ಓದಿ ಮಕ್ಕಳಿಗೆ ಅರ್ಥ ಹೇಳಿಕೊಡ್ತೀರಾ ಅಮ್ಮ?" ಅಂತ ಕೇಳಿ. ಹೆಬ್ಬಾಳದಲ್ಲಿ 2018ರಲ್ಲಿ ಕಿತ್ತಯ್ಯನ ವೀರಗಲ್ಲು ಸಿಕ್ಕಿತಲ್ಲ, ಕ್ರಿ.ಶ. 750ರ ಹೊತ್ತಿನದು, ಅದಕ್ಕೆ ಮಂಟಪ ಆಗುವುದಕ್ಕೂ ಅಲ್ಲಿನ ನಿವಾಸಿಗಳು ಕೈಜೋಡಿಸಿದ್ದೇ ಕಾರಣ. ಬೇಗೂರಿಗೆ ಹೋಗುವ ದಿನ ತಿಳಿಸಿ ಸರ್, ಅಕ್ಷರದ ಹಾಳೆ ನನ್ನ ಹತ್ತಿರ ಇದೆ, ಕಳಿಸುತ್ತೇನೆ.