ಅಜ್ಜನ ಅಂಬಾಸಿಡರ್‌ನಲ್ಲಿ ಮೂರು ತರ ಸದ್ದು, ಇಂಜಿನ್ ಬಿಚ್ಚಿಸಬೇಕಾ?

ಪ್ರಶ್ನೆ (ಗೋಣಿಕೊಪ್ಪದಿಂದ):
ಅಜ್ಜನ 1972ರ ಮಾರ್ಕ್ 2 ಅಂಬಾಸಿಡರ್. ಮಳೆಗಾಲವಿಡೀ ಶೆಡ್‌ನಲ್ಲೇ ಇತ್ತು. ಆಯುಧ ಪೂಜೆಗೆ ಹೊರಗೆ ತೆಗೆದರೆ ಮೂರು ತರ ಸದ್ದು. ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ಬಾನೆಟ್ ಒಳಗೆ ಟಿಕ್ ಟಿಕ್, ಹತ್ತು ನಿಮಿಷದಲ್ಲಿ ಮಾಯ. ಕ್ಲಚ್ ಬಿಟ್ಟಾಗ, ರಿವರ್ಸ್ ಹಾಕಿದಾಗ ಕಾಲಡಿಯಲ್ಲಿ ಢಗ್ ಅಂತ ಒಂದು ಪೆಟ್ಟು. ತೋಟದ ರಸ್ತೆಯಲ್ಲಿ ಹಿಂದಿನಿಂದ ಕಿರ್ರ್. ತೋರಿಸಿದ ಕಡೆ ಇಂಜಿನ್ ಬಿಚ್ಚಬೇಕು ಅಂದರು. ಬಿಚ್ಚಿಸಲಾ ಅಣ್ಣ?

ಉತ್ತರ (ಮೆಕ್ಯಾನಿಕ್, ಮಡಿಕೇರಿ):
ಬೇಡ. ನೀವೇ ಬರೆದದ್ದರಲ್ಲಿ ಅರ್ಧ ಉತ್ತರ ಇದೆ. ಇಂಜಿನ್ ಬೇರಿಂಗ್ ಹೋಗಿದ್ದರೆ ಬಿಸಿಯಾದಂತೆ ಆಯಿಲ್ ತೆಳುವಾಗಿ ಸದ್ದು ಜಾಸ್ತಿಯಾಗುತ್ತದೆ. ಅದೂ ಟಿಕ್ ಅಲ್ಲ, ಕೆಳಗಿನಿಂದ ದಪ್ಪಗೆ ಧಬ್ ಧಬ್. ನಿಮ್ಮದು ಬಿಸಿಯಾದರೆ ನಿಲ್ಲುತ್ತದೆ. ನನಗೆ ಅನುಮಾನ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಗ್ಯಾಸ್ಕೆಟ್ ಮೇಲೆ, ಅಂದರೆ ಇಂಜಿನ್ನಿಗೂ ಹೊಗೆ ಹೋಗುವ ಕಬ್ಬಿಣದ ಕೊಳವೆಗೂ ನಡುವಿನ ಪದರ. ತಣ್ಣಗಿದ್ದಾಗ ಸಂದಿಯಲ್ಲಿ ಹೊಗೆ ಚಿಮ್ಮುತ್ತದೆ, ಕಬ್ಬಿಣ ಹಿಗ್ಗಿದ ಮೇಲೆ ಸಂದಿ ಮುಚ್ಚುತ್ತದೆ. ಅಲ್ಲಿ ಕಪ್ಪು ಮಸಿ ಇದೆಯಾ ನೋಡಿ. ಇಲ್ಲದಿದ್ದರೆ ಟ್ಯಾಪೆಟ್ ಗ್ಯಾಪ್ (ವಾಲ್ವ್ ಒತ್ತುವ ಕಡೆಯ ಸಂದಿ) ನೋಡಿಸಿ, 15 ಥೌ (ಇಂಚಿನ ಸಾವಿರದಲ್ಲಿ 15 ಪಾಲು) ಇರಬೇಕು.

ಢಗ್ ಅನ್ನುವುದೇ ನನಗೆ ಹೆಚ್ಚು ಚಿಂತೆ. ಗಾಡಿ ನಿಂತಾಗ ಎಷ್ಟು ರೇಸ್ ಮಾಡಿದರೂ ಅದು ಬರಲ್ಲ, ಅಲ್ವಾ? ಹಾಗಾದರೆ ಇಂಜಿನ್‌ದಲ್ಲ, ಗೇರ್‌ಬಾಕ್ಸ್‌ನಿಂದ ಹಿಂದಕ್ಕೆ ಹುಡುಕಬೇಕು. ಕಾಫಿ ಕಣ ಈಗ ಖಾಲಿ ಇರುತ್ತದೆ, ಸಮತಟ್ಟೂ ಹೌದು. ಅಲ್ಲಿ ನಿಲ್ಲಿಸಿ, ಇಂಜಿನ್ ಆಫ್ ಮಾಡಿ, ನಾಲ್ಕೂ ಚಕ್ರಕ್ಕೆ ಕಲ್ಲು ಕೊಟ್ಟು, ನ್ಯೂಟ್ರಲ್ ಮಾಡಿ. ಅಡಿಗೆ ಹೋಗಿ ಗೇರ್‌ಬಾಕ್ಸ್‌ನಿಂದ ಹಿಂದಿನ ಆಕ್ಸಲ್‌ಗೆ ಹೋಗುವ ಉದ್ದನೆಯ ಪ್ರೊಪೆಲ್ಲರ್ ಶಾಫ್ಟನ್ನು ಕೈಯಲ್ಲಿ ಆ ಕಡೆ ಈ ಕಡೆ ತಿರುಗಿಸಿ. ಸ್ವಲ್ಪ ಆಟ ಹಿಂದಿನ ಆಕ್ಸಲ್ ನಡುವಿನ ಡಿಫರೆನ್ಷಿಯಲ್‌ನಲ್ಲೂ ಇರುತ್ತದೆ, ಅದಕ್ಕೆ ಕಣ್ಣು ಎರಡು ತುದಿಯ ಜಾಯಿಂಟ್ ಕ್ರಾಸ್ (ಪ್ಲಸ್ ಆಕಾರದ ತುಂಡು) ಮೇಲೇ ಇರಲಿ. ಕ್ರಾಸ್ ಅಲುಗಿದರೆ ಅದೇ ಕಳ್ಳ.

ಕಿರ್ರ್ ಬಿಡಿ. ಹಿಂದಿನ ಲೀಫ್ ಸ್ಪ್ರಿಂಗ್ ಪ್ಲೇಟ್ ಒಣಗಿದೆ, ಇಲ್ಲವೇ ಸ್ಪ್ರಿಂಗ್ ತುದಿ ಹಿಡಿದಿರುವ ಶ್ಯಾಕಲ್ ಕೊಂಡಿಯ ಬುಷ್. ರಬ್ಬರ್ ಬುಷ್‌ಗೆ ಮಾತ್ರ ಹಳೇ ಆಯಿಲ್ ಸುರಿಯಬೇಡಿ, ಉಬ್ಬಿ ಹಾಳಾಗುತ್ತದೆ.

ಇನ್ನೊಬ್ಬ ಸದಸ್ಯರು:
ನಮ್ಮ ಗಾಡಿಯಲ್ಲಿ ಗಲಗಲ ಸದ್ದು ಬರುತ್ತಿತ್ತು. ಏರ್ ಫಿಲ್ಟರ್ ಡಬ್ಬಿ ಬಿಚ್ಚಿದರೆ ಇಲಿ ಕೂಡಿಟ್ಟ ಕಾಫಿ ಬೀಜ!

ಪ್ರಶ್ನೆ ಕೇಳಿದವರು:
ನೋಡಿದೆ ಅಣ್ಣ. ಮ್ಯಾನಿಫೋಲ್ಡ್ ಹತ್ತಿರ ಮಸಿ ಇದೆ. ಮುಂದಿನ ಕ್ರಾಸ್ ಚೆನ್ನಾಗಿ ಅಲುಗುತ್ತದೆ, ಅದರ ತುದಿಯ ಕಪ್ ಸುತ್ತ ಕೆಂಪು ಪುಡಿ. ಗ್ರೀಸ್ ಹೊಡೆದರೆ ಸಾಕಾ?

ಉತ್ತರ:
ಸಾಕಾಗಲ್ಲ. ಆ ಕಪ್ ಒಳಗೆ ಸೂಜಿಯಂಥ ರೋಲರ್‌ಗಳಿವೆ. ಮಳೆಗಾಲದ ಥಂಡಿಗೆ ತುಕ್ಕು ಹಿಡಿದು ಪುಡಿಯಾಗಿವೆ. ಕ್ರಾಸ್ ಬದಲಿಸಿ. ಮುಂದಿನ ಕ್ರಾಸ್ ಓಡುವಾಗ ತುಂಡಾದರೆ ಶಾಫ್ಟ್ ರಸ್ತೆಗೆ ಬಿದ್ದು ಚುಚ್ಚಿಕೊಳ್ಳುತ್ತದೆ, ಅದಕ್ಕೇ ಕೆಲಸ ಆಗುವವರೆಗೆ ಸಂಪಾಜೆ ಘಾಟಿ ಕಡೆ ತಲೆ ಹಾಕಬೇಡಿ. ಶಾಫ್ಟ್ ಬಿಚ್ಚುವ ಮೊದಲು ಎರಡೂ ಫ್ಲ್ಯಾಂಜ್ (ಬೋಲ್ಟ್ ಹಾಕಿ ಜೋಡಿಸುವ ಚಪ್ಪಟೆ ಮುಖ) ಮೇಲೆ ಗುರುತು ಹಾಕಿಸಿ, ತಿರುವುಮುರುವಾಗಿ ಕೂತರೆ ಗಾಡಿ ನಡುಗುತ್ತದೆ.

ಮ್ಯಾನಿಫೋಲ್ಡ್ ನಟ್ ತಣ್ಣಗಿದ್ದಾಗಲೇ ಟೈಟ್ ಮಾಡಿಸಿ, ನಿಲ್ಲದಿದ್ದರೆ ಗ್ಯಾಸ್ಕೆಟ್. ಮುಂದಿನ ಮಳೆಗಾಲಕ್ಕೆ ಹ್ಯಾಂಡ್‌ಬ್ರೇಕ್ ಎಳೆದು ಬಿಡಬೇಡಿ, ಶೂ ಡ್ರಮ್ಮಿಗೆ ಅಂಟುತ್ತದೆ. ಗೇರ್‌ನಲ್ಲಿಟ್ಟು ಕಲ್ಲು ಕೊಡಿ.